ಅಳಿಸುವ ಕೈಯ ಹೊಣೆ

ಬರೆಯುವವನ ಹೊಣೆಯನ್ನು ಕುರಿತು ಹಿರಿಯರು ನಮಗೆ ಬೇಕಾದಷ್ಟು ಹೇಳಿಕೊಟ್ಟಿದ್ದಾರೆ. ಬರೆದುದನ್ನು ಅಳಿಸುವವನ ಹೊಣೆಯನ್ನು ಕುರಿತು ನಾವು ವಿಚಾರ ಮಾಡುವುದು ಕಡಿಮೆ. ಆದರೆ ಲೋಕವ್ಯವಹಾರದಲ್ಲಿ ಬರೆಯುವ ಕೈಗಿಂತ ಅಳಿಸುವ ಕೈಗೇ ಹೆಚ್ಚಿನ ಬಲವುಂಟು. ಸಭೆಯಲ್ಲಿ ಆಡಿದ ಮಾತನ್ನು ನಡಾವಳಿಯಿಂದ ಬಿಡುವ ಕಾರ್ಯದರ್ಶಿ, ಓದುಗರ ಪತ್ರದ ನಾಲ್ಕು ಸಾಲುಗಳನ್ನು ಕತ್ತರಿಸುವ ಸಂಪಾದಕ, ಹಳೆಯ ಗ್ರಂಥದ ಒಂದು ಪದ್ಯವನ್ನು ಪ್ರಕ್ಷಿಪ್ತವೆಂದು ತೆಗೆಯುವ ಪಂಡಿತ, ಮನೆಯ ಲೆಕ್ಕದ ವಹಿಯಲ್ಲಿ ಒಂದು ಅಂಕಿಯನ್ನು ಉಜ್ಜುವ ಯಜಮಾನ, ಇವರೆಲ್ಲರೂ ಈ ಅಧಿಕಾರವುಳ್ಳವರೇ. ಬರೆದವನ ತಪ್ಪು ಹಾಳೆಯ ಮೇಲೆ ನಿಂತು ಎಲ್ಲರ ಕಣ್ಣಿಗೂ ಬೀಳುತ್ತದೆ. ಅಳಿಸಿದವನ ತಪ್ಪು ಹಾಗೆ ಕಾಣುವುದಿಲ್ಲ. ಕಾಣದಿರುವುದೇ ಅದರ ಸ್ವಭಾವ. ಆದ ಕಾರಣ ಅಳಿಸುವವನಿಗೆ ಬರೆಯುವವನಿಗಿಂತ ಇಮ್ಮಡಿ ಪ್ರಾಮಾಣಿಕತೆ ಬೇಕು, ಅದರ ಜೊತೆಗೆ ವಿವೇಕವೂ ಬೇಕು. ಈ ತಿಂಗಳು ಇದೇ ವಿಷಯವನ್ನು ಸದ್ಭಕ್ತರ ಮುಂದೆ ಇರಿಸಬೇಕೆಂದು ಬಯಸಿದ್ದೇವೆ.

ಏನನ್ನೂ ಅಳಿಸಲೇಬಾರದು ಎಂದು ನಾವು ಹೇಳುತ್ತಿಲ್ಲ. ಹೊಲದಲ್ಲಿ ಕಳೆ ಕೀಳದ ರೈತನಿಗೆ ಬೆಳೆ ದಕ್ಕುವುದಿಲ್ಲ. ಅಳಿಸುವುದು ಹೇಗೆ ಎಂಬುದೇ ಪ್ರಶ್ನೆ. ನಮ್ಮ ಹಳೆಯ ಲಿಪಿಕಾರರಿಗೆ ಈ ಪ್ರಶ್ನೆಯ ಉತ್ತರವನ್ನು ಅವರ ಸಾಮಗ್ರಿಯೇ ಕಲಿಸಿತ್ತು. ತಾಳೆಗರಿಯ ಮೇಲೆ ಕಂಠದಿಂದ ಕೊರೆದು ಮಸಿ ಹಚ್ಚಿದ ಅಕ್ಷರವನ್ನು ಒರೆಸಿಹಾಕಲು ಬಾರದು. ತಪ್ಪಾದರೆ ಅದರ ಮೇಲೆ ಗೀಟೆಳೆದು ಮುಂದೆ ಸರಿಯಾದುದನ್ನು ಕೊರೆಯಬೇಕು. ಕಾಗದದ ಹಸ್ತಪ್ರತಿಗಳಲ್ಲಿ ಬೇಡವಾದ ಅಕ್ಷರಗಳ ಮೇಲೆ ಹರಿತಾಳದ ಹಳದಿ ಲೇಪವನ್ನು ಬಳಿಯುವ ಪದ್ಧತಿಯಿತ್ತು. ಅಕ್ಷರ ಮರೆಯಾದರೂ ಹಳದಿಯ ಪಟ್ಟೆ ಉಳಿದು, ಇಲ್ಲಿ ಏನೋ ಇದ್ದಿತು, ಅದನ್ನು ತಿದ್ದಿದ್ದಾರೆ ಎಂದು ಓದುವವನಿಗೆ ತಿಳಿಯುತ್ತಿತ್ತು. ಅಳಿಸಿದರೂ ಅಳಿಸಿದ ಗುರುತು ಅಳಿಯುತ್ತಿರಲಿಲ್ಲ. ನಾವು ಇಂದು ಹೇಳಬೇಕಾದ ಮಾತಿನ ಸಾರವೆಲ್ಲ ಈ ಹಳದಿಯ ಪಟ್ಟೆಯಲ್ಲಿಯೇ ಅಡಗಿದೆ.

ಇದೇ ನೀತಿಯನ್ನು ನಮ್ಮ ದೇಶದ ಲೋಕಸಭೆ ತನ್ನ ನಿಯಮಾವಳಿಯಲ್ಲಿ ಬರೆದಿರಿಸಿಕೊಂಡಿದೆ. ಸದನದಲ್ಲಿ ಯಾರಾದರೂ ಮಾನಹಾನಿಕರವಾದ, ಅಶ್ಲೀಲವಾದ, ಸಂಸದೀಯವಲ್ಲದ ಅಥವಾ ಘನತೆಗೆ ತಕ್ಕುದಲ್ಲದ ಮಾತನ್ನು ಆಡಿದರೆ ಅದನ್ನು ಕಡತದಿಂದ ತೆಗೆಯಿಸುವ ಅಧಿಕಾರವನ್ನು 380ನೆಯ ನಿಯಮವು ಸಭಾಧ್ಯಕ್ಷರಿಗೆ ಕೊಟ್ಟಿದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಬರಿಯ ಅಧಿಕಾರವಾಗುತ್ತಿತ್ತು. ಬೆನ್ನಿಗೇ ಬರುವ 381ನೆಯ ನಿಯಮವು, ಹೀಗೆ ತೆಗೆದ ಭಾಗವನ್ನು ನಕ್ಷತ್ರ ಚಿಹ್ನೆಗಳಿಂದ ಗುರುತಿಸಬೇಕು, ಅಧ್ಯಕ್ಷಪೀಠದ ಆದೇಶದಂತೆ ತೆಗೆಯಲಾಗಿದೆ ಎಂದು ಕೆಳಗೆ ಟಿಪ್ಪಣಿಯನ್ನು ಕೊಡಬೇಕು ಎಂದು ವಿಧಿಸುತ್ತದೆ. ಮೊದಲನೆಯ ನಿಯಮದಲ್ಲಿ ವಿವೇಕಕ್ಕೆ ಎಡೆಯಿದೆ, ಎರಡನೆಯದರಲ್ಲಿ ಪ್ರಾಮಾಣಿಕತೆಗೆ ಕಟ್ಟುಪಾಡಿದೆ. ತೆಗೆದದ್ದು ಎಲ್ಲಿ, ತೆಗೆಯಿಸಿದವರು ಯಾರು ಎಂಬೆರಡೂ ಸಂಗತಿಗಳು ಮುಂದಿನ ಪೀಳಿಗೆಗೆ ತಿಳಿಯುತ್ತವೆ. ಹೊಲಸು ಮಾತು ಮಾತ್ರ ತಿಳಿಯುವುದಿಲ್ಲ.

ಇಂದು ಕಲಾಪವು ನೇರಪ್ರಸಾರವಾಗಿ ಜನರ ಕಿವಿಗೆ ಬಿದ್ದಿರುವಾಗ ಕಡತದಿಂದ ತೆಗೆದು ಏನು ಫಲ ಎಂದು ಕೆಲವರು ಕೇಳಬಹುದು. ಆಡಿದ ಮಾತನ್ನು ಆಡಿಲ್ಲವೆಂದು ಮಾಡಲು ಯಾರಿಂದಲೂ ಸಾಧ್ಯವಿಲ್ಲ. ಅದು ಆ ನಿಯಮದ ಉದ್ದೇಶವೂ ಅಲ್ಲವೆಂದು ನಾವು ತಿಳಿಯುತ್ತೇವೆ. ಈ ಮಾತನ್ನು ಸದನವು ತನ್ನದೆಂದು ಒಪ್ಪುವುದಿಲ್ಲ ಎಂದು ಸಾರುವುದೇ ಅದರ ಉದ್ದೇಶ. ಮನೆಯ ಹಿರಿಯನು, 'ಇದು ನಮ್ಮ ಮನೆಯಲ್ಲಿ ಆಡತಕ್ಕ ಮಾತಲ್ಲ' ಎಂದು ಎಲ್ಲರೆದುರಿಗೆ ಹೇಳುವಂತೆ.

ಆದರೂ ಈ ಅಧಿಕಾರ ಬಿಸಿಯಾದ ಕಬ್ಬಿಣದಂತಹುದು. 1957ರ ಮೇ 30ರಂದು ಬಿಹಾರದ ವಿಧಾನಸಭೆಯಲ್ಲಿ ಒಬ್ಬ ಸದಸ್ಯರು ಮುಖ್ಯಮಂತ್ರಿಗಳ ಆಡಳಿತವನ್ನು ಕಟುವಾಗಿ ಖಂಡಿಸಿ ಮಾತನಾಡಿದರು. ಆ ಭಾಷಣದ ಕೆಲವು ಭಾಗಗಳನ್ನು ಸಭಾಧ್ಯಕ್ಷರು ತೆಗೆಯಿಸಿದರು. ಮರುದಿನ ಪಾಟ್ನಾದ 'ಸರ್ಚ್‌ಲೈಟ್' ಪತ್ರಿಕೆಯು ತೆಗೆದ ಭಾಗವನ್ನೂ ಕೂಡಿಸಿ ಪ್ರಕಟಿಸಿತು. ಸಂಪಾದಕರ ಮೇಲೆ ಹಕ್ಕುಚ್ಯುತಿಯ ನೋಟೀಸು ಬಂದು, ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1958ರ ಡಿಸೆಂಬರಿನಲ್ಲಿ ಬಹುಮತದ ತೀರ್ಪು ಸದನದ ಪರವಾಗಿ ಬಂದಿತು: ತೆಗೆದ ಭಾಗವನ್ನು ಕಾನೂನಿನ ದೃಷ್ಟಿಯಲ್ಲಿ ಆಡಿಲ್ಲದಂತೆಯೇ ಭಾವಿಸಬಹುದು, ಅದನ್ನು ಸೇರಿಸಿ ಅಚ್ಚಿಸಿದ ವರದಿ ಯಥಾರ್ಥವಾದ ವರದಿಯಲ್ಲ ಎಂದು. ನ್ಯಾಯಮೂರ್ತಿ ಸುಬ್ಬರಾವ್ ಅವರು ಒಬ್ಬರೇ ಭಿನ್ನಮತವನ್ನು ಬರೆದರು. ಇಂದಿಗೂ ಓದುವವರಿಗೆ ಎರಡು ಪಕ್ಷದಲ್ಲಿಯೂ ತಥ್ಯ ಕಾಣುತ್ತದೆ. ಸದನದ ಶಿಸ್ತನ್ನು ಕಾಯಲು ಅಧಿಕಾರ ಬೇಕು ನಿಜ. ಆದರೆ ಮುಖ್ಯಮಂತ್ರಿಗಳನ್ನು ಖಂಡಿಸಿದ ಮಾತಿಗೆ ಅದೇ ಅಧಿಕಾರವನ್ನು ಬಳಸಿದಾಗ, ಅದು ಸಭ್ಯತೆಗಾಗಿ ಬಳಕೆಯಾಯಿತೋ ಗದ್ದುಗೆಗಾಗಿ ಬಳಕೆಯಾಯಿತೋ ಎಂಬ ಸಂದೇಹ ಜನಮನದಲ್ಲಿ ಏಳದೆ ಇರುವುದಿಲ್ಲ. ಅಂಥ ಸಂದೇಹವನ್ನು ತೀರ್ಪು ಒಂದರಿಂದಲೇ ತೊಡೆಯಲು ಆಗದು.

ಸಭೆಯ ಮಾತಿನಿಂದ ಈಗ ಗ್ರಂಥದ ಮಾತಿಗೆ ಬರೋಣ. ಅಳಿಸುವ ಕಾರ್ಯವನ್ನು ತಪಸ್ಸಿನಂತೆ ನಡೆಸಿದವರ ಉದಾಹರಣೆ ಅಲ್ಲಿದೆ. ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1919ರಲ್ಲಿ ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸುವ ಕಾರ್ಯವನ್ನು ಕೈಗೊಂಡಿತು. 1925ರಲ್ಲಿ ವಿಷ್ಣು ಸೀತಾರಾಮ ಸುಕ್ಥಣಕರರು ಪ್ರಧಾನ ಸಂಪಾದಕರಾದರು. ಕಾಶ್ಮೀರದ ಶಾರದಾ ಲಿಪಿಯಿಂದ ಹಿಡಿದು ದಕ್ಷಿಣದ ತೆಲುಗು, ಗ್ರಂಥ, ಮಲಯಾಳ ಲಿಪಿಗಳವರೆಗೆ ನಾನಾ ಪ್ರಾಂತಗಳ 1,259 ಹಸ್ತಪ್ರತಿಗಳನ್ನು ಅಲ್ಲಿಯ ವಿದ್ವಾಂಸರು ಶ್ಲೋಕಕ್ಕೆ ಶ್ಲೋಕ ಹೋಲಿಸಿ ನೋಡಿದರು. ಸುಕ್ಥಣಕರರು 1943ರಲ್ಲಿ ತೀರಿಕೊಂಡರು, ಕೆಲಸ ನಿಲ್ಲಲಿಲ್ಲ. 1966ರಲ್ಲಿ ಆವೃತ್ತಿ ಪೂರ್ಣವಾದಾಗ, ಲಕ್ಷ ಶ್ಲೋಕಗಳ ಗ್ರಂಥವೆಂದು ಪ್ರಸಿದ್ಧವಾದ ಮಹಾಭಾರತದ ಮೂಲಪಾಠವೆಂದು ಅವರು ನಿರ್ಣಯಿಸಿದ್ದು ಲಕ್ಷಕ್ಕಿಂತ ಕಡಿಮೆ ಶ್ಲೋಕಗಳನ್ನು ಮಾತ್ರ.

ಅವರು ಬಿಟ್ಟ ಭಾಗಗಳಲ್ಲಿ ಎಂಥವುಗಳಿವೆ ಎಂಬುದನ್ನು ಸದ್ಗೃಹಸ್ಥರು ಗಮನಿಸಬೇಕು. ವ್ಯಾಸರು ಹೇಳುತ್ತಿದ್ದಂತೆ ಗಣಪತಿಯು ಬರೆದುಕೊಂಡನೆಂಬ ಕಥೆಯನ್ನು ನಾವೆಲ್ಲರೂ ಎಳವೆಯಿಂದ ಕೇಳಿದ್ದೇವೆ. ಹಲವು ಪ್ರತಿಗಳಲ್ಲಿ ಅದು ಇಲ್ಲದ ಕಾರಣ ಮೂಲಪಾಠದಿಂದ ಅದನ್ನು ಹೊರಗಿರಿಸಿದರು. 1944ರಲ್ಲಿ ಹೊರಬಂದ ಸಭಾಪರ್ವದ ಸಂಪಾದಕ ಫ್ರಾಂಕ್ಲಿನ್ ಎಡ್ಜರ್ಟನ್ ಅವರು, ವಸ್ತ್ರಾಪಹರಣದ ಸಮಯದಲ್ಲಿ ದ್ರೌಪದಿಯು ಕೃಷ್ಣನನ್ನು ಕೂಗಿ ಮೊರೆಯಿಡುವ ಭಾಗವನ್ನೂ ಮೂಲಪಾಠದಲ್ಲಿ ಸೇರಿಸಲಿಲ್ಲ. ಇದನ್ನು ಕೇಳಿದ ಭಾವುಕರಿಗೆ ಎದೆ ನೋಯುವುದು ಸಹಜ. ಆ ಮೊರೆಯನ್ನು ಕೇಳಿ ಕಣ್ಣೀರಿಡದ ಮನೆ ಈ ನಾಡಿನಲ್ಲಿ ಇದ್ದೀತೆ?

ಇಷ್ಟು ದೊಡ್ಡ ಅಳಿಸುವಿಕೆಯನ್ನು ಮಾಡಿಯೂ ಆ ವಿದ್ವಾಂಸರು ವಂಚಕರೆನಿಸಿಕೊಳ್ಳಲಿಲ್ಲ. ಕಾರಣವೆಂದರೆ, ಅವರು ತೆಗೆದ ಯಾವುದನ್ನೂ ಎಸೆಯಲಿಲ್ಲ. ಚಿಕ್ಕ ಭಾಗಗಳನ್ನು ನಕ್ಷತ್ರದ ಗುರುತಿಟ್ಟು, ಸಂಖ್ಯೆ ಕೊಟ್ಟು, ಅದೇ ಪುಟದ ಕೆಳಗೆ ಅಚ್ಚಿಸಿದರು. ದೊಡ್ಡ ಭಾಗಗಳನ್ನು ಅನುಬಂಧದಲ್ಲಿ ಕೊಟ್ಟರು. ಯಾವ ಪಾಠ ಯಾವ ಪ್ರತಿಯಲ್ಲಿದೆ, ಯಾವುದರಲ್ಲಿಲ್ಲ ಎಂಬುದನ್ನು ಸಂಕೇತಾಕ್ಷರಗಳಿಂದ ತೋರಿಸಿದರು. ಯಾವ ತತ್ತ್ವವನ್ನು ಅನುಸರಿಸಿ ತೆಗೆದೆವೆಂಬುದನ್ನು ಸುಕ್ಥಣಕರರು 1933ರಲ್ಲಿ ಆದಿಪರ್ವಕ್ಕೆ ಬರೆದ ದೀರ್ಘ ಪ್ರಸ್ತಾವನೆಯಲ್ಲಿ ವಿವರಿಸಿದರು. ಅವರ ನಿರ್ಣಯವನ್ನು ಒಪ್ಪದ ವಿದ್ವಾಂಸನು ಅವರದೇ ಪುಟದ ಅಡಿಯಿಂದ ಸಾಮಗ್ರಿಯನ್ನು ಎತ್ತಿಕೊಂಡು ಅವರ ಮೇಲೆಯೇ ವಾದ ಹೂಡಬಹುದು. ಹಾಗೆ ಹೂಡಿದವರೂ ಉಂಟು. ತನ್ನ ಎದುರಾಳಿಗೆ ಬೇಕಾದ ಆಯುಧವನ್ನು ತಾನೇ ಒದಗಿಸಿಕೊಡುವುದು ಸಣ್ಣ ಮನಸ್ಸಿನವರಿಗೆ ಆಗುವ ಕೆಲಸವಲ್ಲ. ಅವರಿಗೆ ಇಷ್ಟವಾದ ಕಥೆಗಳನ್ನು ಉಳಿಸಿ ಇಷ್ಟವಾಗದ ಕಥೆಗಳನ್ನು ತೆಗೆದಿದ್ದರೆ ಅದು ಸಂಪಾದನೆಯಾಗುತ್ತಿರಲಿಲ್ಲ. ಮನಸ್ಸಿಗೆ ಒಪ್ಪಿದ ಕಥೆಗೂ ಒಪ್ಪದ ಕಥೆಗೂ ಒಂದೇ ತಕ್ಕಡಿ ಹಿಡಿದರು ಎಂಬುದರಲ್ಲಿಯೇ ಅವರ ವಿವೇಕವಿದೆ.

ಇದಕ್ಕೆ ತದ್ವಿರುದ್ಧವಾದ ಒಂದು ದೃಷ್ಟಾಂತವು ಹಳೆಯ ಸೋವಿಯತ್ ರಷ್ಯಾದಿಂದ ದೊರೆಯುತ್ತದೆ. ಅಲ್ಲಿಯ ಬೃಹತ್ ವಿಶ್ವಕೋಶದ ಎರಡನೆಯ ಆವೃತ್ತಿಯ 5ನೆಯ ಸಂಪುಟ 1950ರಲ್ಲಿ ಪ್ರಕಟವಾಗಿತ್ತು. ಅದರಲ್ಲಿ ರಹಸ್ಯ ಪೊಲೀಸರ ಮುಖ್ಯಸ್ಥನಾಗಿದ್ದ ಬೇರಿಯಾನನ್ನು ಹೊಗಳಿದ ದೀರ್ಘ ಲೇಖನವಿತ್ತು. 1953ರಲ್ಲಿ ಬೇರಿಯಾ ಪದಚ್ಯುತನಾಗಿ ಮರಣದಂಡನೆಗೆ ಗುರಿಯಾದನು. ಆಮೇಲೆ ವಿಶ್ವಕೋಶದ ಚಂದಾದಾರರಿಗೆ ಒಂದು ಲಕೋಟೆ ಬಂದಿತು. ಇಂತಿಂಥ ಪುಟಗಳನ್ನು ಕತ್ತರಿಯಿಂದಲೋ ಬ್ಲೇಡಿನಿಂದಲೋ ಕತ್ತರಿಸಿ ತೆಗೆದು, ಜೊತೆಗೆ ಕಳುಹಿಸಿರುವ ಪುಟಗಳನ್ನು ಅಲ್ಲಿ ಅಂಟಿಸಿಕೊಳ್ಳಬೇಕೆಂದು ಅದರಲ್ಲಿ ಸೂಚಿಸಲಾಗಿತ್ತು. ಹೊಸ ಪುಟಗಳಲ್ಲಿ ಬೇರಿಂಗ್ ಸಮುದ್ರದ ವರ್ಣನೆ ವಿಸ್ತಾರವಾಗಿ ತುಂಬಿತ್ತು! ಆ ಮನುಷ್ಯನು ಸಾಧುವೇನೂ ಆಗಿರಲಿಲ್ಲ. ಅವನನ್ನು ಹೊಗಳಿದ ಲೇಖನ ಉಳಿಯತಕ್ಕದ್ದೂ ಆಗಿರಲಿಲ್ಲ. ಹಿಂದೆ ಹೊಗಳಿ ಬರೆದದ್ದು ತಪ್ಪು, ಇದೀಗ ಸರಿಯಾದ ವಿವರ ಎಂದು ಮುದ್ರಿಸಿದ್ದರೆ ವಿಶ್ವಕೋಶದ ಗೌರವ ಹೆಚ್ಚುತ್ತಿತ್ತು. ಹೊಗಳಿದ್ದೇ ಇಲ್ಲವೆಂದು ತೋರಿಸಲು ಹೋದುದರಿಂದ ಆ ಬೇರಿಂಗ್ ಸಮುದ್ರ ಇಂದಿಗೂ ಜಗತ್ತಿನ ನಗೆಗೆ ವಸ್ತುವಾಗಿ ಉಳಿದಿದೆ.

ನಮ್ಮ ದೇಶದಲ್ಲಿಯೂ ಇಂಥ ಕಾಲವೊಂದು ಬಂದಿತ್ತು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಗಿ ಪತ್ರಿಕೆಗಳ ಮೇಲೆ ಸೆನ್ಸಾರ್ ಬಂದಾಗ, ಜೂನ್ 28ರ 'ಇಂಡಿಯನ್ ಎಕ್ಸ್‌ಪ್ರೆಸ್' ತನ್ನ ಸಂಪಾದಕೀಯದ ಸ್ಥಳವನ್ನು ಖಾಲಿ ಬಿಟ್ಟು ಪ್ರಕಟವಾಯಿತು. ಒಂದಕ್ಷರವೂ ಇಲ್ಲದ ಆ ಬಿಳಿಯ ಜಾಗವನ್ನು ಓದುಗರು ಚೆನ್ನಾಗಿ ಓದಿಕೊಂಡರು. ಬಳಿಕ ಸೆನ್ಸಾರಿನವರು ಹಾಗೆ ಖಾಲಿ ಜಾಗ ಬಿಡುವುದನ್ನೂ ನಿಷೇಧಿಸಿದರು. ಅಳಿಸುವವನ ಮನಸ್ಸಿನಲ್ಲಿ ಕಪಟವಿದ್ದಾಗ ಅವನು ಮಾತಿಗಿಂತಲೂ ಗುರುತಿಗೇ ಹೆಚ್ಚು ಹೆದರುತ್ತಾನೆ. ಗುರುತು ಉಳಿದರೆ ಪ್ರಶ್ನೆ ಹುಟ್ಟುತ್ತದೆ, ಪ್ರಶ್ನೆ ಹುಟ್ಟಿದರೆ ಉತ್ತರ ಹೇಳಬೇಕಾಗುತ್ತದೆ.

ಇವೆಲ್ಲ ದೊಡ್ಡವರ ಕಥೆಗಳು, ನಮಗೇನು ಎಂದು ಯಾರೂ ತಿಳಿಯಬಾರದು. ಕೆಲವು ವರ್ಷಗಳ ಹಿಂದೆ ಒಂದು ಊರಿನ ಸಂಘದಲ್ಲಿ ಹುಟ್ಟಿದ ಜಗಳವನ್ನು ಬಗೆಹರಿಸಲು ಅಲ್ಲಿಯ ಹಿರಿಯರು ನಮ್ಮನ್ನು ಕರೆಸಿಕೊಂಡಿದ್ದರು. ಸಂಘದ ವಾರ್ಷಿಕ ಸಭೆಯಲ್ಲಿ ಎರಡು ಮಾತುಗಳು ಬಂದಿದ್ದವು. ಒಬ್ಬರು ಎದ್ದುನಿಂತು ಸಭಾಭವನದ ದೇಣಿಗೆಯ ಲೆಕ್ಕವನ್ನು ಕೇಳಿದ್ದರು. ಇನ್ನೊಬ್ಬರು ಸಿಟ್ಟಿನ ಭರದಲ್ಲಿ, ಅಲ್ಲಿ ಹಾಜರಿಲ್ಲದ ಒಬ್ಬ ಹೆಣ್ಣುಮಗಳ ನಡತೆಯ ವಿಷಯವಾಗಿ ಹಗುರವಾಗಿ ಆಡಿದ್ದರು. ಕಾರ್ಯದರ್ಶಿಗಳು ನಡಾವಳಿಯನ್ನು ಬರೆಯುವಾಗ ಎರಡನ್ನೂ ಬಿಟ್ಟುಬಿಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ.

ನಾವು ಕೇಳಿದಾಗ ಅವರು, 'ಶಾಸ್ತ್ರಿಗಳೇ, ಸಂಘದ ಮಾನ ಉಳಿಯಲಿ ಅಂತ ಬಿಟ್ಟೆ. ನನ್ನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ' ಎಂದರು. ಅವರು ಸುಳ್ಳು ಹೇಳುವ ಜನವಲ್ಲ. ಆದರೆ ಊರಿನಲ್ಲಿ ನಡೆದದ್ದೇ ಬೇರೆ. ಲೆಕ್ಕದ ಪ್ರಶ್ನೆಯನ್ನು ಬಿಟ್ಟದ್ದರಿಂದ ದೇಣಿಗೆಯ ಹಣ ಕಾರ್ಯದರ್ಶಿಗಳ ಮನೆ ಸೇರಿತೆಂದು ಜನ ಆಡಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಅದಕ್ಕಿಂತಲೂ ಘೋರವಾದದ್ದು ಇನ್ನೊಂದು. ಹಣದ ಪ್ರಶ್ನೆಯೂ ಹೆಣ್ಣುಮಗಳ ಮೇಲಿನ ಮಾತೂ ಒಟ್ಟಿಗೆ ಮಾಯವಾದುದರಿಂದ, ಅದು ನಿಜವಿದ್ದರೆ ಇದೂ ನಿಜವಿರಬೇಕು, ಅದಕ್ಕೇ ಎರಡನ್ನೂ ಮುಚ್ಚಿದ್ದಾರೆ ಎಂದು ಜನ ತರ್ಕ ಮಾಡಿದರು. ಯಾರ ಮಾನವನ್ನು ಕಾಯಬೇಕೆಂದು ಅಳಿಸಿದ್ದರೋ ಆ ಮಗಳ ಮಾನಕ್ಕೇ ಆ ಮೌನ ಮುಳುವಾಯಿತು.

ನಾವು, 'ಕಾರ್ಯದರ್ಶಿಗಳೇ, ಎರಡು ಮಾತುಗಳಲ್ಲಿ ಒಂದನ್ನು ಬಿಟ್ಟದ್ದು ಧರ್ಮ, ಇನ್ನೊಂದನ್ನು ಬಿಟ್ಟದ್ದು ಅಧರ್ಮ. ಎರಡನ್ನೂ ಹೇಳದೆ ಬಿಟ್ಟದ್ದರಿಂದ ಧರ್ಮವೂ ಅಧರ್ಮದ ಸಾಲಿನಲ್ಲಿ ನಿಂತಿತು' ಎಂದು ಹೇಳಿದೆವು. ಮುಂದಿನ ಸಭೆಯಲ್ಲಿ ಹಿರಿಯರ ಸಮ್ಮುಖದಲ್ಲಿ ಎರಡು ಸಾಲುಗಳನ್ನು ಬರೆಯಿಸಲಾಯಿತು. ಸಭೆಗೆ ಸಂಬಂಧಿಸದ ಒಂದು ವೈಯಕ್ತಿಕ ಮಾತು ಹಿಂದಿನ ಸಭೆಯಲ್ಲಿ ಬಂದಿತ್ತು, ಅದಕ್ಕೆ ಆಧಾರವಿಲ್ಲವೆಂದು ಆಡಿದವರೇ ಒಪ್ಪಿದ್ದಾರೆ, ಆದಕಾರಣ ನಡಾವಳಿಯಲ್ಲಿ ದಾಖಲಿಸಿಲ್ಲ ಎಂಬುದು ಮೊದಲನೆಯ ಸಾಲು. ದೇಣಿಗೆಯ ಲೆಕ್ಕವನ್ನು ಕೇಳಲಾಗಿತ್ತು, ಇಗೋ ಲೆಕ್ಕ ಎಂಬುದು ಎರಡನೆಯ ಸಾಲು. ರಸೀದಿಗಳನ್ನು ತೆಗೆದು ಕೂಡಿಸಿದರೆ ಲೆಕ್ಕ ಸರಿಯಾಗಿಯೇ ಇತ್ತು. ಆ ಗೃಹಸ್ಥರು ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ. ಆದರೂ ಊರಿನ ಕೆಲವರ ಮನಸ್ಸಿನಲ್ಲಿ ಅವರು ಇಂದಿಗೂ ಕಳ್ಳರೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಅವರ ಪಾಲಿಗೆ ನಿಜವಾಯಿತು. ಇನ್ನು ಆ ಹೆಣ್ಣುಮಗಳ ತಂದೆ ಆ ನಡಾವಳಿಯ ನಕಲನ್ನು ತಮ್ಮ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಅಳಿಸಿದ್ದನ್ನು ಬಾಯಿಬಿಟ್ಟು ಹೇಳಿದ ಆ ಒಂದು ಸಾಲು ಆ ಮನೆಗೆ ರಕ್ಷೆಯಾಯಿತು.

ಅಳಿಸುವ ಅಧಿಕಾರ ಕೈಗೆ ಬಂದವರು ಮೊದಲು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದುಂಟು: ಈ ಮಾತು ಉಳಿದರೆ ನೋವಾಗುವುದು ಯಾರಿಗೆ? ಎದ್ದುನಿಂತು ಉತ್ತರ ಕೊಡಲಾರದ ದುರ್ಬಲರಿಗೆ, ಮಕ್ಕಳಿಗೆ, ಗೈರುಹಾಜರಿದ್ದವರಿಗೆ ಆಧಾರವಿಲ್ಲದೆ ನೋವಾಗುವುದಾದರೆ ಅಳಿಸಲು ಹಿಂಜರಿಯಬೇಕಾಗಿಲ್ಲ. ನೋವಾಗುವುದು ತನಗೇ ಆದರೆ ಅಲ್ಲಿ ಕೈಯನ್ನು ಹಿಂದೆಗೆಯಬೇಕು. ತನ್ನ ಮೇಲಿನ ದೂರನ್ನು ತಾನೇ ವಿಚಾರಿಸುವುದು ಯಾವ ನ್ಯಾಯಶಾಸ್ತ್ರಕ್ಕೂ ಒಪ್ಪದ ಮಾತು. ಅಂಥ ಹೊತ್ತಿನಲ್ಲಿ ಪುಸ್ತಕವನ್ನೂ ಲೇಖನಿಯನ್ನೂ ಬೇರೊಬ್ಬರ ಕೈಗೆ ಕೊಟ್ಟು ಪಕ್ಕಕ್ಕೆ ಕುಳಿತುಕೊಳ್ಳುವುದೇ ಲೇಸು. ತೆಗೆಯುವುದೆಂದು ನಿಶ್ಚಯವಾದ ಮೇಲೆ ತೆಗೆದೆನೆಂದು ಹೇಳಬೇಕು, ಕಾರಣವನ್ನು ಹೇಳಬೇಕು. ತೆಗೆದದ್ದು ಸರಿಯಲ್ಲವೆಂದು ಆಮೇಲೆ ಕಂಡುಬಂದರೆ ಅದನ್ನು ಮೊದಲಿನ ಸ್ಥಳಕ್ಕೆ ತಂದಿರಿಸಿ, ಹಾಗೆ ತಂದಿರಿಸಿದ್ದನ್ನೂ ಹೇಳಬೇಕು. ಇದರಿಂದ ಅಧಿಕಾರ ಕುಗ್ಗುವುದಿಲ್ಲ. ತಾನು ಮಾಡಿದ್ದನ್ನು ತೋರಿಸಬಲ್ಲವನ ಮಾತನ್ನು ಜನ ನಂಬುತ್ತಾರೆ.

ಮನೆವಾರ್ತೆಯಲ್ಲಿಯೂ ಈ ನೀತಿ ಅಷ್ಟೇ ಅವಶ್ಯಕ. 1908ರ ನೋಂದಣಿ ಕಾಯಿದೆಯ 20ನೆಯ ಕಲಮಿನಂತೆ, ಕ್ರಯಪತ್ರ ಮೊದಲಾದ ದಸ್ತಾವೇಜಿನಲ್ಲಿ ಸಾಲುಗಳ ನಡುವೆ ಸೇರಿಸಿದ್ದು, ಖಾಲಿ ಬಿಟ್ಟದ್ದು, ಅಳಿಸಿದ್ದು, ತಿದ್ದಿದ್ದು ಇದ್ದರೆ, ಬರೆದುಕೊಟ್ಟವರು ಅಲ್ಲಲ್ಲಿ ಸಹಿ ಮಾಡದ ಹೊರತು ನೋಂದಣಿ ಅಧಿಕಾರಿಯು ಅದನ್ನು ನಿರಾಕರಿಸಬಹುದು. ಮರಣಶಾಸನದ ವಿಷಯದಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 71ನೆಯ ಕಲಮು ಇದೇ ದಾರಿಯದು. ಸಹಿಯಾದ ಮೇಲೆ ತಿದ್ದುಪಡಿ ಮಾಡಿದರೆ ಅದರ ಬಳಿ ಬರೆಸಿದವರ ಸಹಿಯೂ ಸಾಕ್ಷಿಗಳ ಸಹಿಯೂ ಇರಬೇಕು. ಇಲ್ಲವಾದರೆ ಸಾಮಾನ್ಯವಾಗಿ ಆ ತಿದ್ದುಪಡಿಗೆ ಬೆಲೆಯಿಲ್ಲ. ಒಬ್ಬ ಮಗನ ಹೆಸರಿನ ಮೇಲೆ ಹಿರಿಯರು ಮಾತಿಲ್ಲದೆ ಎಳೆದ ಒಂದು ಗೀಟಿನಿಂದ, ಅವರು ಕಣ್ಮುಚ್ಚಿದ ಮೇಲೆ ಅಣ್ಣತಮ್ಮಂದಿರು ಹತ್ತಾರು ವರ್ಷ ನ್ಯಾಯಾಲಯದ ಮೆಟ್ಟಿಲು ಹತ್ತುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಗೀಟನ್ನು ಅಪ್ಪ ಎಳೆದರೋ ಅಣ್ಣ ಎಳೆದನೋ ಎಂಬುದನ್ನು ಹೇಳಲು ಗೀಟಿಗೆ ಬಾಯಿಲ್ಲ. ಅದರ ಪಕ್ಕದಲ್ಲಿ ಬರೆದ ಸಹಿಗೆ, ದಿನಾಂಕಕ್ಕೆ, ಸಾಕ್ಷಿಗೆ ಬಾಯುಂಟು.

ಆದುದರಿಂದ ಈ ಅಂಕಣವನ್ನು ಓದುವ ಕುಟುಂಬಗಳಲ್ಲಿ ನಾವು ಕೇಳಿಕೊಳ್ಳುವುದಿಷ್ಟೆ. ಮನೆಯ ಲೆಕ್ಕದ ವಹಿಯಲ್ಲಿ ತಪ್ಪು ಅಂಕಿಯನ್ನು ಉಜ್ಜಬೇಡಿರಿ. ಓದಲು ಬರುವಂತೆ ಒಂದೇ ಗೀಟೆಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಮಾಡಿರಿ. ಸಂಘದ ಪುಸ್ತಕದ ಹಾಳೆಯನ್ನು ಎಂದಿಗೂ ಹರಿಯಬೇಡಿರಿ. ಮಕ್ಕಳು ಶಾಲೆಯ ಪುಸ್ತಕದಲ್ಲಿ ತಪ್ಪನ್ನು ಉಜ್ಜಿ ಉಜ್ಜಿ ಹಾಳೆಗೆ ತೂತು ಮಾಡುವುದನ್ನು ಕಂಡಾಗ ಗದರಬೇಡಿರಿ. ತಪ್ಪಿನ ಮೇಲೆ ಗೀಟೆಳೆಯುವುದು ನಾಚಿಕೆಯ ಸಂಗತಿಯಲ್ಲವೆಂದು ಕಲಿಸಿರಿ. ಹಾಗೆ ಕಲಿತ ಮಗು ನಾಳೆ ಯಾವ ಗದ್ದುಗೆಯ ಮೇಲೆ ಕುಳಿತರೂ, ಇನ್ನೊಬ್ಬರ ಮಾತಿನ ಮೇಲೆ ಕೈಯಾಡಿಸುವ ಮುನ್ನ ಒಂದು ಕ್ಷಣ ನಿಂತು ಯೋಚಿಸುತ್ತದೆ; ಯೋಚಿಸಿ ಅಳಿಸಿದರೆ, ಅಳಿಸಿದವನು ನಾನು ಎಂದು ಪಕ್ಕದಲ್ಲಿ ಹೆಸರು ಬರೆಯುತ್ತದೆ.